ಎದುರು ಗೂಡಿನ ನೀರಿನ ನಳಿಕೆ

ನಾನು ಒಂದು ಗಾಜಿನ ನಳಿಕೆ. ಬೆಂಕಿಯಲ್ಲಿ ಹುಟ್ಟಿ, ಹತ್ತಿಯಲ್ಲಿ ಮಲಗಿ, ಗದಗಿನ ಒಂದು ರಕ್ತಪರೀಕ್ಷೆಯ ಕೋಣೆಗೆ ಬಂದೆ. ನನ್ನ ಜೊತೆಯವರೆಲ್ಲ ರಕ್ತ ಕಂಡರು. ನನ್ನ ಹೊಟ್ಟೆಗೆ ಬಿದ್ದದ್ದು ಬರೀ ನೀರು! ರಕ್ತವನ್ನು ಗರಗರ ತಿರುಗಿಸಿ ತಿಳಿಹಳದಿ ದ್ರವವನ್ನು ಬೇರ್ಪಡಿಸುವ ಯಂತ್ರ ಇಲ್ಲಿದೆ. ಒಂದೇ ನಳಿಕೆ ಇಟ್ಟರೆ ಅದು ಹುಚ್ಚೆದ್ದು ಕುಣಿಯುತ್ತದೆ. ಅದಕ್ಕೇ ಎದುರು ಗೂಡಿನಲ್ಲಿ ಅಷ್ಟೇ ತೂಕದ ನಾನು ಕೂರಬೇಕು. ಮೊದಮೊದಲು ಮುನಿಸಿಕೊಂಡಿದ್ದೆ. ಆದರೆ ಪರೀಕ್ಷೆ ಮಾಡುವ ಇಂದುಮತಿ ನನ್ನಲ್ಲಿ ಒಂದು ಹನಿ ಹೆಚ್ಚಾದರೂ ಬಗ್ಗಿ ನೋಡಿ ತೆಗೆಯುತ್ತಿದ್ದರು. ನೀರಿಗೂ ಅಷ್ಟು ಮರ್ಯಾದೆ ಕೊಟ್ಟವರನ್ನು ನಾನು ಬೇರೆ ಕಂಡಿಲ್ಲ.

ಒಂದು ಬೆಳಿಗ್ಗೆ ಹೆಣ್ಣುಮಕ್ಕಳ ಹಾಸ್ಟೆಲಿನಿಂದ ಇಬ್ಬರು ಬಂದರು. ಅಡುಗೆಯ ಬಸಲಿಂಗವ್ವ ಮತ್ತು ಕಸ ಗುಡಿಸುವ ದ್ಯಾಮವ್ವ. ಅಲ್ಲಿ ಒಂಬತ್ತು ಹುಡುಗಿಯರಿಗೆ ಮಂಗನ ಬಾವು ಬಂದಿತ್ತು. ರಕ್ತದಲ್ಲಿ ಅದನ್ನು ತಡೆಯುವ ಶಕ್ತಿ ಇದ್ದವರೇ ಅವರ ಆರೈಕೆ ಮಾಡಬೇಕೆಂದು ವೈದ್ಯರು ಹೇಳಿದ್ದರು.

"ಸಣ್ಣಾಕಿದ್ದಾಗ ನನಗ ಬಂದು ಹೋಗೇತ್ರಿ ಅಕ್ಕಾರ. ಗಲ್ಲಕ್ಕ ನೀಲಿ ಹಚ್ಚಿದ್ರು" ಎಂದು ಬಸಲಿಂಗವ್ವ ತೋಳು ಚಾಚಿದರು. ದ್ಯಾಮವ್ವ ಬಾಗಿಲಲ್ಲೇ ನಿಂತಿದ್ದು, ಇಂದುಮತಿ ಕರೆದ ಮೇಲೆಯೇ ಒಳಗೆ ಬಂದರು.

ಇಬ್ಬರ ರಕ್ತವೂ ಎದುರುಬದುರು ಕೂತು ತಿರುಗಿತು. ನನಗೆ ಕೆಲಸವಿರಲಿಲ್ಲ, ಸ್ಟ್ಯಾಂಡಿನಿಂದಲೇ ನೋಡುತ್ತಿದ್ದೆ. ಮಧ್ಯಾಹ್ನ ಉತ್ತರ ಬಂತು. ದ್ಯಾಮವ್ವನ ರಕ್ತದಲ್ಲಿ ಶಕ್ತಿ ಇತ್ತು, ಬಸಲಿಂಗವ್ವನದರಲ್ಲಿ ಇರಲಿಲ್ಲ. ಚಿಕ್ಕಂದಿನಲ್ಲಿ ಅವರಿಗೆ ಬಂದದ್ದು ಬೇರೆ ಯಾವುದೋ ಬಾವು. ಇಂದುಮತಿ ಇನ್ನೊಮ್ಮೆ ಪರೀಕ್ಷಿಸಿದರು. ಅದೇ ಉತ್ತರ.

ಬಸಲಿಂಗವ್ವ ಅತ್ತೇಬಿಟ್ಟರು. "ಆ ಹುಡುಗ್ಯಾರು ನನ್ನ ಕೈಯಾಗ ಬೆಳದಾವ್ರಿ. ಐತಿ ಅಂತ ಬರದುಬಿಡ್ರಿ."

"ಸುಳ್ಳು ಬರ್ಯಾಂಗಿಲ್ರಿ ಅವ್ವಾರ. ನೀವೂ ಮಲಗಿದ್ರ ಉಳಿದ ಹುಡುಗ್ಯಾರಿಗೆ ಯಾರು ಅಡಿಗಿ ಮಾಡ್ತಾರ?" ಎಂದರು ಇಂದುಮತಿ. ದನಿ ಮೆತ್ತಗಿತ್ತು, ಮಾತು ಗಟ್ಟಿಯಾಗಿತ್ತು.

ಹತ್ತು ವರ್ಷದಿಂದ ದ್ಯಾಮವ್ವನಿಗೆ ಅಡುಗೆಮನೆಯ ಹೊಸ್ತಿಲಾಚೆಯೇ ಊಟ ಬಡಿಸಿದವರು ಬಸಲಿಂಗವ್ವ. ಉತ್ತರಕ್ಕೆ ಕಾಯುವಾಗ ಅವರಿಬ್ಬರು ಆಡಿದ ಮಾತಿನಿಂದಲೇ ಇದು ನನಗೆ ತಿಳಿದಿತ್ತು. ಕಣ್ಣೊರೆಸಿಕೊಂಡು ಅವರು ದ್ಯಾಮವ್ವನತ್ತ ತಿರುಗಿದರು.

"ಸಣ್ಣ ನಿಂಗಿ ಬಿಸಿ ಗಂಜಿ ಒಲ್ಲೆ ಅಂತಾಳ, ಆರಿಸಿ ಕುಡಸು. ಶಿವಲೀಲಾ ರಾತ್ರಿ ಅಂಜತಾಳ, ಬಾಜೂಕ ಮಲಕೋ. ಗಂಜಿ ಒಲಿ ಮ್ಯಾಲ ಇರ್ತೈತಿ. ಹಂಗ ಬಾಗಲದಾಗ ನಿಂತು ಕರೀಬ್ಯಾಡ ಮತ್ತ."

"ಒಳಗ ಬರ್ಲೇನ್ರಿ ಯವ್ವಾ?"

"ಬಾ. ನಿನ್ನ ಕೈಯಾರೆ ಬಗ್ಗಿಸಿಕೋ. ಈ ಸಲ ನಾ ಹೊರಗ ನಿಂದರ್ತೀನಿ."

ಈಗ ನನ್ನ ಬಾಯಿ ಒಡೆದಿದೆ, ಕಪಾಟಿನ ಮೂಲೆ ಸೇರಿದ್ದೇನೆ. ಎಷ್ಟೋ ಜನರ ರಕ್ತದ ಎದುರು ಕೂತು ತಿರುಗಿದ್ದೇನೆ. ಆ ದಿನ ಮಾತ್ರ ಆ ಇಬ್ಬರ ರಕ್ತವೇ ಒಂದಕ್ಕೊಂದು ಸಮತೂಕವಾಗಿತ್ತು, ನಾನು ಸುಮ್ಮನೆ ಕೂತಿದ್ದೆ, ಆದರೂ ನನ್ನ ಬಾಳಿನಲ್ಲಿ ಅದಕ್ಕಿಂತ ದೊಡ್ಡ ದಿನವಿಲ್ಲ.