ತಮಟೆಯ ಒಳಗಿನ ಏಳು ಗೀರು

ಇದನ್ನು ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ. ತಮಟೆಗೆ ಒಂದು ಪೆಟ್ಟು ಹಾಕಲೂ ನನಗೆ ಬಾರದು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ವಸ್ತುಸಂಗ್ರಹಾಲಯದ ನೆಲ ಒರೆಸುವ ಹೆಂಗಸಿನ ಕೈ ದಿನವೂ ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲುತ್ತಿತ್ತು. ಒಳಗಿದ್ದದ್ದು ಅವಳಪ್ಪನ ತಮಟೆ. ಒಂದು ತಿಂಗಳು ಪ್ರದರ್ಶನಕ್ಕಿಟ್ಟು ಕೊಡುತ್ತೇನೆಂದು ಅಲ್ಲಿನ ಅಧಿಕಾರಿ ಒಯ್ದಿದ್ದ. ಅವನು ಚಾಚಿದ ಕಾಗದಕ್ಕೆ ಅಪ್ಪ ಹೆಬ್ಬೆಟ್ಟು ಒತ್ತಿದ್ದ. ಮೂರು ವರ್ಷವಾಯಿತು.

ಪೆಟ್ಟಿಗೆಯ ಚೀಟಿಯನ್ನು ಕಾವಲುಗಾರ ಅವಳಿಗೆ ಓದಿ ಹೇಳಿದ್ದ: 'ಅರಸರ ಅಪ್ಪಣೆ, ಸಾವಿನ ಸುದ್ದಿ ಸಾರುತ್ತಿದ್ದ ವಾದ್ಯ. ಮಾಡಿದವರು: ತಿಳಿದಿಲ್ಲ.'

"ತಿಳಿದಿಲ್ವಂತಾ?" ಅವಳು ಹೋಗಿ ಹೇಳಿದಾಗ ಅಪ್ಪ ಕೆರಳಿದ್ದ. "ಬಳೆ ಒಳಗೆ ಕೈಯಾಡಿಸಿ ನೋಡ್ಲಿ!"

ಅವರ ಮನೆಯಲ್ಲಿ ತಮಟೆಗೆ ಮೊದಲ ಬಾರಿ ಹೊಸ ಚರ್ಮ ಬಿಗಿದವರು ಅದರ ಸುತ್ತಿನ ಮರದ ಬಳೆಯ ಒಳಗೊಂದು ಗೀರು ಹಾಕಬೇಕು. ಏಳು ತಲೆಮಾರು, ಏಳು ಗೀರು. ಎಂಟನೆಯದು ಮಗಳದ್ದು. ಅಪ್ಪನಿಗೆ ಆಗಲೇ ವಯಸ್ಸಾಗಿತ್ತು; ಬಿಗಿಯುವುದನ್ನು ಕಲಿಸಲು ಹೆಚ್ಚು ದಿನ ಉಳಿದಿರಲಿಲ್ಲ.

ಒಂದು ಬೆಳಿಗ್ಗೆ ದೊಡ್ಡ ಅತಿಥಿಗಳು ಬಂದರು. ಬಾರಿಸಿ ತೋರಿಸಲು ಅಪ್ಪನನ್ನೇ ಕರೆಸಿದರು. ಪೆಟ್ಟಿಗೆ ತೆರೆಯಿತು. ಅವನು ಬಡಿದ. 'ಧಪ್' ಎಂದಿತು, ಒದ್ದೆ ಗೋಣಿಗೆ ಬಡಿದ ಹಾಗೆ.

ಅತಿಥಿಯೊಬ್ಬ ನಕ್ಕ. "ಏನಜ್ಜ, ತಮಟೆಗೆ ನೆಗಡಿನಾ?"

"ಮೂರು ವರ್ಷ ತಣ್ಣನೆ ಗೂಡಲ್ಲಿ ಮಲಗ್ಸಿದ್ರೆ ನಿಮಗೂ ಬರುತ್ತೆ ಸ್ವಾಮಿ. ಇದಕ್ಕೆ ಬೆಂಕಿ ತೋರಿಸ್ಬೇಕು."

ಅತಿಥಿಗಳ ಮುಂದೆ ಬೇಡವೆನ್ನಲಾಗದೆ ಅಧಿಕಾರಿ ತಮಟೆಯನ್ನು ಅಂಗಳಕ್ಕೆ ಒಯ್ಯಲು ಬಿಟ್ಟ. ಮಗಳು ತಾನು ಗುಡಿಸಿದ್ದ ತರಗೆಲೆ ತಂದಳು. ಕಾವಲುಗಾರ ಬೆಂಕಿಪೊಟ್ಟಣ ಕೊಟ್ಟ. ಅಪ್ಪ ಹೊತ್ತಿಸಿದ.

"ಬಳೆ ಒಳಗೆ ಕೈ ಹಾಕು ಮಗಳೇ. ಗಟ್ಟಿಯಾಗಿ ಎಣಿಸು."

"ಒಂದು… ಎರಡು…" ಏಳಕ್ಕೆ ಬಂದು ನಿಂತಳು. "ಇದು ನಮ್ಮಪ್ಪಂದು. ಮುಂದಿನ್ದು ನಂದು."

"ಸಾಕಮ್ಮ," ಅಧಿಕಾರಿ ಕೈ ಚಾಚಿದ. "ನಿಮ್ಮಪ್ಪ ಇದನ್ನ ದಾನ ಕೊಟ್ಟಾಗಿದೆ. ಹೆಬ್ಬೆಟ್ಟಿದೆ."

"ದಾನ ಅಂತ ಅವತ್ತು ಓದಿ ಹೇಳಿದ್ರಾ?"

ಅಧಿಕಾರಿ ಅತಿಥಿಗಳ ಕಡೆ ನೋಡಿದ.

ಅವಳು ಒಳಗೆ ಹೋಗಿ ಚೀಟಿ ಕಿತ್ತು ತಂದು ಬೆಂಕಿಗೆ ಹಾಕಿದಳು. ಉರಿ ಎದ್ದಿತು. ಕಾವಿಗೆ ಹಿಡಿದ ತಮಟೆಯ ಚರ್ಮ ಬಿಗಿಯಿತು. ಅಪ್ಪ ಬಡಿದ. ಕಟ್ಟಡದ ಕಿಟಕಿಗಳೆಲ್ಲ ನಡುಗಿದವು. ಕಸ ಗುಡಿಸುವವರು, ಮಾಲಿ, ಕಾವಲುಗಾರ ಒಬ್ಬೊಬ್ಬರಾಗಿ ಬಂದು ಅಪ್ಪ ಮಗಳ ಸುತ್ತ ನಿಂತರು.

"ಹಿಡ್ಕೊಳ್ರೋ ಅದನ್ನ!" ಅಧಿಕಾರಿ ಕೂಗಿದ.

ಯಾರೂ ಕದಲಲಿಲ್ಲ.

ತಮಟೆ ಕೊನೆಗೆ ಎಲ್ಲಿ ಉಳಿಯಿತೋ ನನಗೆ ಗೊತ್ತಿಲ್ಲ. ಮೊದಲ ಗೀರು ಹಾಕಿದವರ ಹೆಸರೂ ಗೊತ್ತಿಲ್ಲ. ಆ ಅಪ್ಪನನ್ನು ಕೇಳಬೇಕಿತ್ತು. ಚೀಟಿ ಬರೆದವರ ಹಾಗೆ ನಾನೂ ಕೇಳಲಿಲ್ಲ.