ಬಿಡದ ಬೆರಳುಗಳು

ಪೆಟ್ರೋಲಿನ ವಾಸನೆಯೆಂದರೆ ಚಿಕ್ಕಂದಿನಿಂದಲೂ ನನಗೆ ಆಸೆ. ಅಪ್ಪ ಮೋಟಾರ್‌ಸೈಕಲ್ಲಿಗೆ ಪೆಟ್ರೋಲು ಹಾಕುವಾಗ ಮೂಗು ಚಾಚಿಕೊಂಡು ನಿಲ್ಲುತ್ತಿದ್ದೆ. ಅವರು ಬೈಯುತ್ತಿರಲಿಲ್ಲ, ನನಗೋಸ್ಕರ ಟ್ಯಾಂಕು ಮುಚ್ಚುವುದನ್ನೇ ತುಸು ತಡಮಾಡುತ್ತಿದ್ದರು. ಮೊಮ್ಮಗಳು ವಿಮಾನ ಓಡಿಸಲು ಕಲಿಯುತ್ತಿದ್ದ ಮೈದಾನದ ಬೇಲಿಯ ಬಳಿಯೂ ಅದೇ ವಾಸನೆ.

ಆ ಬೆಳಿಗ್ಗೆ ಅವಳು ಇಳಿಯುವುದನ್ನು ನೋಡಲು ನಾನೂ ಮಗನೂ ಅಲ್ಲಿ ನಿಂತಿದ್ದೆವು. ಎರಡೇ ಸೀಟಿನ ಪುಟ್ಟ ವಿಮಾನ. ಅವಳ ಪಕ್ಕದಲ್ಲಿ ಕಲಿಸುವ ಮೇಷ್ಟ್ರು. ಕಲಿಯುವವರೆಲ್ಲ ಬೆನ್ನ ಹಿಂದೆ ಅವರನ್ನು ಸಿಡುಕಪ್ಪ ಎನ್ನುತ್ತಿದ್ದರು.

“ಬಂದ್ಲು ನೋಡಮ್ಮ ನಿನ್ನ ಮೊಮ್ಮಗಳು! ಸ್ಕೂಟರ್‌ಗೆ ನೆಟ್ಟಗೆ ಸ್ಟ್ಯಾಂಡ್ ಹಾಕೋಕೆ ಬರಲ್ಲ ಇವಳಿಗೆ,” ಮಗ ನಕ್ಕ.

ಚಕ್ರ ನೆಲಕ್ಕೆ ಬಡಿಯಿತು. ವಿಮಾನ ಚೆಂಡಿನಂತೆ ಪುಟಿದು ಮೂಗೆತ್ತಿತು, ಇನ್ನೂ ಎತ್ತಿತು. ಎಂಜಿನ್ ಅರಚಿತು. ಒಂದು ರೆಕ್ಕೆ ವಾಲಿ ನೆಲಕ್ಕೆ ತಗುಲಿ ಕಾಗದದಂತೆ ಹರಿಯಿತು. ಮೂಗು ಮಣ್ಣಿಗೆ ನಾಟಿ, ವಿಮಾನ ಮಗುಚಿಕೊಂಡು ಬೆನ್ನ ಮೇಲೆ ಜಾರುತ್ತ ಬಂದು ನಮ್ಮೆದುರೇ ನಿಂತಿತು.

ಮಗ ಬೇಲಿ ಹಾರಿದ. ಮುಳ್ಳುತಂತಿ ತೊಡೆ ಸೀಳಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ನಾನು ತಂತಿ ಹಿಡಿದು ನಿಂತುಬಿಟ್ಟೆ.

ಮೊಮ್ಮಗಳು ಬೆಲ್ಟಿನಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದಳು. ಎರಡೂ ಕೈಯಲ್ಲಿ ವಿಮಾನದ ಮೂಗೆತ್ತುವ ಹಿಡಿಕೆಯನ್ನು ಇನ್ನೂ ಎದೆಗೆ ಎಳೆದುಕೊಂಡೇ ಇದ್ದಳು. ಸುತ್ತ ಪೆಟ್ರೋಲು ಸುರಿಯುತ್ತಿತ್ತು. ಹೊರಗೆ ತೆವಳಿದ್ದ ಸಿಡುಕಪ್ಪ ಮತ್ತೆ ಒಳಗೆ ತೂರಿದರು.

“ಬಿಡೇ! ಬಿಡು ಅಂದ್ರೆ ಬಿಡು!”

ಕೆನ್ನೆಗೆ ಬಾರಿಸಿದರು. ಬಿಡಲಿಲ್ಲ. ಬೆರಳು ಹಿಡಿದು ಹಿಂದಕ್ಕೆ ಮಡಚಿದರು. ಒಂದು ಲಟಕ್ಕೆಂದಿತು, ಇನ್ನೊಂದೂ. ಅವಳು ಕಿರುಚಿದಳು. ಬೆಲ್ಟು ಬಿಚ್ಚಿ, ಕೂದಲು ಹಿಡಿದು ದರದರ ಎಳೆದುಕೊಂಡು ದೂರ ಬಂದರು.

“ನನ್ ಮಗಳಿಗೆ ಹೊಡೀತೀಯೇನೋ!”

ಮಗ ಅವರ ದವಡೆಗೆ ಗುದ್ದಿದ. ಕೆಳಗೆ ಕೆಡವಿ, ಎದೆಯ ಮೇಲೆ ಕೂತು ಮತ್ತೆ ಗುದ್ದಿದ. ಹಲ್ಲೊಂದು ರಕ್ತದ ಜೊತೆ ಹೊರಬಂತು. ಅವರು ತಡೆಯಲೂ ಇಲ್ಲ. ಕೈ ಮಾತ್ರ ಎತ್ತಿ “ಮಗೂನ ಎತ್ಕೊಂಡು ಓಡು” ಎಂದು ಸನ್ನೆ ಮಾಡುತ್ತಿದ್ದರು.

ಹಿಂದೆ ವಿಮಾನ ಭುಗ್ಗೆಂದು ಹತ್ತಿಕೊಂಡಿತು. ಮಗನ ಮುಷ್ಟಿ ಮೇಲೆಯೇ ನಿಂತಿತು.

ಆಸ್ಪತ್ರೆಯಲ್ಲಿ ಮೊಮ್ಮಗಳು ಊದಿದ ತುಟಿಯಲ್ಲೇ ಹೇಳಿದಳು: “ಅಜ್ಜಿ, ಮೇಲಿದ್ದಾಗಲೇ ಸಾರ್ ‘ಹಿಡಿಕೆ ನನಗೆ ಕೊಡು’ ಅಂತ ಕೂಗಿದ್ರು. ಬಿಡ್ಬೇಕು ಅಂತ ಗೊತ್ತು, ಕೈ ನನ್ ಮಾತೇ ಕೇಳ್ಲಿಲ್ಲ. ಅಪ್ಪಾ... ಸಾರ್‌ಗೆ ಏನ್ ಮಾಡಿಬಿಟ್ಟೆ?”

ಪಕ್ಕದ ಹಾಸಿಗೆಯಲ್ಲೇ ಸಿಡುಕಪ್ಪ ಒರಗಿ ಕೂತಿದ್ದರು. ಗಾಯಗಳನ್ನು ಬರೆದುಕೊಳ್ಳಲು ಬಂದ ಪೊಲೀಸಿನವನು ಕೇಳಿದ, “ದವಡೆ ಮುರಿದದ್ದು ಹೇಗೆ, ಸಾರ್?”

ಅವರು ನನ್ನ ಮಗನನ್ನೊಮ್ಮೆ ನೋಡಿದರು.

“ವಿಮಾನ,” ಎಂದರು ಹಲ್ಲುಕಚ್ಚಿಕೊಂಡೇ.

ಮಗ ಎದ್ದು ಕುಂಟುತ್ತ ಹೊರಗೆ ಹೋದ. ಬಹಳ ಹೊತ್ತಾದ ಮೇಲೆ ಎಲ್ಲಿಂದಲೋ ತೆಳ್ಳಗಿನ ಗಂಜಿ ಮಾಡಿಸಿಕೊಂಡು ಬಂದ. ಕಿಟಕಿಯ ಬಳಿ ನಿಂತು ಊದಿ ಊದಿ ಆರಿಸಿದ. ಬಂದು ಲೋಟವನ್ನು ಅವರ ಕೈಗೆ ಕೊಟ್ಟ.