ಹನ್ನೊಂದನೆಯ ಅರ್ಥ

ನಮ್ಮ ಇಂಗ್ಲಿಷ್ ನಿಘಂಟು ಕಚೇರಿಯಲ್ಲಿ ಮಾತಾಡುವಂತಿಲ್ಲ. ಏನೇ ಹೇಳುವುದಿದ್ದರೂ ಚೀಟಿಯಲ್ಲಿ ಬರೆದು ಕಳಿಸಬೇಕು. ಆರು ವರ್ಷ ಈ ನಿಯಮ ನನಗೆ ಹಿತವಾಗಿಯೇ ಇತ್ತು. ಆ ಬುಧವಾರ ಸಂಪಾದಕ ಥರ್ಲೋ ಅವರ ಚೀಟಿ ಓದಿದಾಗ ಮಾತ್ರ ಮೈಯೆಲ್ಲ ಉರಿದುಹೋಯಿತು.

ನಾಲ್ಕು ತಿಂಗಳಿಂದ ನಾನು 'ಹ್ಯಾಂಡ್' ಎಂಬ ಒಂದೇ ಪದಕ್ಕೆ ಅಂಟಿಕೊಂಡು ಕೂತಿದ್ದೆ. ಕೈ ಎಂಬ ಅರ್ಥ ಮಗುವಿಗೂ ಗೊತ್ತು. ಗಡಿಯಾರದ ಮುಳ್ಳಿಗೂ, ಆಟದಲ್ಲಿ ಪಾಲಿಗೆ ಬಂದ ಇಸ್ಪೀಟೆಲೆಗಳಿಗೂ, ಕುದುರೆಯ ಎತ್ತರ ಅಳೆಯುವ ಲೆಕ್ಕಕ್ಕೂ ಅದೇ ಪದ. ಮೂಲ ಯಾರಿಗೂ ಖಚಿತವಿಲ್ಲ. ಹಿಡಿಯುವುದು, ಕಸಿಯುವುದು ಎಂಬ ಯಾವುದೋ ಹಳೆಯ ಧಾತುವಿನಿಂದ ಬಂದಿರಬಹುದು ಎನ್ನುತ್ತಾರೆ ಕೆಲವು ಪಂಡಿತರು. ಹನ್ನೊಂದನೆಯ ಅರ್ಥ, ಗಿರಣಿಯ ಕೂಲಿಯಾಳು. ಅದರ ಮೇಲೆ ಥರ್ಲೋ ಗೀಟೆಳೆದು ಚೀಟಿ ಕಳಿಸಿದ್ದರು: "ಬಳಕೆ ತಪ್ಪಿದೆ. ಇಪ್ಪತ್ತು ವರ್ಷಗಳಿಂದ ಅಚ್ಚಿನ ಪುರಾವೆ ಇಲ್ಲ. ಸೋಮವಾರ ಪುಟ ಅಚ್ಚಿಗೆ ಹೋಗುತ್ತದೆ, ತೆಗೆಯಿರಿ."

ನಮ್ಮಲ್ಲಿ ಬಾಯಿಮಾತಿಗೆ ಬೆಲೆಯಿಲ್ಲ. ನದಿಯ ಆಚೆ ದಡದ ಹತ್ತಿ ಗಿರಣಿಯಲ್ಲಿ ನೇಯುವ ನನ್ನಮ್ಮ ಆ ಪದವನ್ನು ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು. ಆ ಸಂಜೆ ಅವಳಿಗೆ ವಿಷಯ ಹೇಳಿದೆ.

"ಬಳಕೆ ತಪ್ಪಿದ್ಯಂತಾ? ಯಾವನೇ ಅವನು ಹೇಳಿದ್ದು?" ಎಂದು ಅಮ್ಮ ಸೌಟು ಕುಕ್ಕಿದಳು. "ಮೂವತ್ತೊಂದು ವರ್ಷ ಆ ಮಗ್ಗದ ಮುಂದೆ ನಿಂತಿದ್ದೀನಿ. ಒಂದು ದಿನಾನೂ ಎಕ್ಸಿಲ್ಡಾ ಅಂತ ನನ್ನ ಹೆಸರು ಹಿಡಿದು ಕರೆದಿಲ್ಲ ಕಣೇ. ಹತ್ತು ಹ್ಯಾಂಡ್ ಈ ಕಡೆ ಬರ್ಲಿ, ಐದು ಹ್ಯಾಂಡ್ ಆ ಕಡೆ ಹೋಗ್ಲಿ, ಇಷ್ಟೇ. ನಿಮ್ ಸಾಹೇಬನ್ನ ಒಂದು ದಿನ ಕಳ್ಸು, ಕಿವಿ ತುಂಬ ಕೇಳಿಸ್ಕೊಂಡು ಹೋಗ್ಲಿ."

"ಅವರಿಗೆ ಅಚ್ಚಾಗಿರೋದೇ ಬೇಕಮ್ಮ."

"ಹಾಗಾದ್ರೆ ನಾವ್ಯಾರೂ ಇಲ್ವೇ ಇಲ್ಲ ಅನ್ನು."

ಮರುದಿನವೆಲ್ಲ ಹಳೆಯ ಪತ್ರಿಕೆಗಳನ್ನು ಜಾಲಾಡಿದೆ. ಏನೂ ಸಿಗಲಿಲ್ಲ.

ಶುಕ್ರವಾರ ನಾನು ಮನೆಗೆ ಬಂದಾಗ ಅಮ್ಮ ಆಗಲೇ ಬಂದು ಕೂತಿದ್ದಳು. ಒಲೆ ಹೊತ್ತಿಸಿರಲಿಲ್ಲ. ಗಿರಣಿಯ ಗೇಟಿನಿಂದ ಕಿತ್ತು ತಂದ ಹಾಳೆಯೊಂದನ್ನು ನನ್ನತ್ತ ಎಸೆದಳು.

"ತಗೋ. ಅಚ್ಚಾಗಿರೋದು ಬೇಕಿತ್ತಲ್ಲ ನಿಮ್ ಸಾಹೇಬಂಗೆ?"

ದಪ್ಪಕ್ಷರದಲ್ಲಿ ಅಚ್ಚಾಗಿತ್ತು: "ನೇಯ್ಗೆ ವಿಭಾಗದಲ್ಲಿ ಸೋಮವಾರದಿಂದ ನಲವತ್ತು ಹ್ಯಾಂಡ್‌ಗಳು ಬೇಕಾಗಿಲ್ಲ."

"ಆ ನಲವತ್ತರಲ್ಲಿ ನಾನೂ ಒಂದು," ಎಂದಳು ಅಮ್ಮ.

ಶನಿವಾರ ಬೆಳಿಗ್ಗೆ ಹಾಳೆಯನ್ನು ಥರ್ಲೋ ಅವರ ಮೇಜಿನ ಮೇಲಿಟ್ಟೆ. ಅದನ್ನು ಓದುತ್ತಿದ್ದಂತೆ ಅವರ ಮುಖ ಅರಳಿತು. ಆ ಸಂತೋಷ ನೋಡಿ ನನಗೆ ಅಸಹ್ಯವಾಯಿತು. ಅವರು ಸರಸರ ಚೀಟಿ ಬರೆದು ಮುಂದೆ ತಳ್ಳಿದರು. "ಅತ್ಯುತ್ತಮ! ಹನ್ನೊಂದನೆಯ ಅರ್ಥ ಉಳಿಯಿತು. ತಾರೀಕಿನ ಮೂಲೆ ಹರಿದಿದೆ. ಯಾವಾಗಿನದು?"

"ನಿನ್ನೇದು," ಎಂದೆ, ಗಟ್ಟಿಯಾಗಿ. ಇಡೀ ಕೋಣೆಯ ತಲೆಗಳೆಲ್ಲ ಮೇಲೆದ್ದವು. "ಇದು ನನ್ನಮ್ಮ. ಎಕ್ಸಿಲ್ಡಾ ಗೊಡೆಟ್. ಮೂವತ್ತೊಂದು ವರ್ಷ ದುಡಿದವಳನ್ನ ಒಂದು ಹಾಳೇಲಿ ಆಚೆ ಹಾಕಿದ್ದಾರೆ. ಬರ್ಕೊಳ್ಳಿ!"

ಥರ್ಲೋ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರುವಂತೆ ಸನ್ನೆ ಮಾಡಿದರು. ಆಮೇಲೆ ತಲೆ ಬಗ್ಗಿಸಿ, ತಾರೀಕು ಮಾತ್ರ ಬರೆದುಕೊಂಡರು.